ಬಂದ್ ಮಾಡಲಾಗದ ಯಂತ್ರಕ್ಕೆ ಮೇವು ಹಾಕುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾರದ ಪುರವಣಿಯ ವೈಜ್ಞಾನಿಕ ಕಥೆಗಳಲ್ಲಿ ಇತ್ತೀಚೆಗೆ ಒಂದೇ ಬಗೆಯ ಅನ್ಯಗ್ರಹ ಮತ್ತೆ ಮತ್ತೆ ಬರುತ್ತಿದೆ. ಅಲ್ಲಿನವರು ಕಬ್ಬಿಣ, ತಾಮ್ರ, ತಂತಿ, ಬಲ್ಬು ಎಲ್ಲವನ್ನೂ ಎಂದೋ ಕೈಬಿಟ್ಟಿದ್ದಾರೆ. ಜೀನು ತಿದ್ದಿ ಬೆಳೆಸಿದ ಜೀವಿಗಳೇ ಅವರಿಗೆ ಸಕಲವೂ. ಗೋಡೆಗೆ ಹೊಳೆಯುವ ಪದರದ ದೀಪ, ಬೀದಿಯಲ್ಲಿ ಆರು ಕಾಲಿನ ಗಾಡಿ, ಊರಿಂದೂರಿಗೆ ಸುದ್ದಿ ಒಯ್ಯಲು ನೆಲದಡಿ ನರದ ಬಳ್ಳಿ, ಆಕಾಶಕ್ಕೇರಲು ತಿಮಿಂಗಿಲದಂಥ ನೌಕೆ. ಕಲ್ಪನೆಯ ಬಗ್ಗೆ ಓದುಗರಾದ ನಮ್ಮಿಬ್ಬರ ತಕರಾರಿಲ್ಲ. ತಕರಾರಿರುವುದು ಆ ದೀಪಕ್ಕೆ ಸ್ವಿಚ್ ಇಟ್ಟಿರುವುದರ ಬಗ್ಗೆ. ಪಾತ್ರ ಒಳಗೆ ಬಂದು ಗೋಡೆ ಸವರಿದರೆ ಬೆಳಕು, ಇನ್ನೊಮ್ಮೆ ಸವರಿದರೆ ಕತ್ತಲೆ. ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ಮೂರು ತಿಂಗಳು ಎಲ್ಲೋ ಹೋಗಿ ಬಂದರೆ ಅದು ನಿಲ್ಲಿಸಿದ ಜಾಗದಲ್ಲೇ, ನಿಲ್ಲಿಸಿದ ಹಾಗೆಯೇ ಇರುತ್ತದೆ. ಇಂಥದ್ದನ್ನು ಜೀವಿ ಎನ್ನುವುದು ಹೇಗೆ? ಲೋಹದ ಗಾಡಿಗೇ ಹಸಿರು ಬಣ್ಣ ಬಳಿದ ಹಾಗಿದೆ.

ಕೆಲಸವಿಲ್ಲದ ಯಂತ್ರಕ್ಕೆ ಏನೂ ಬೇಡ. ಕೆಲಸವಿಲ್ಲದ ಜೀವಿಗೆ ಹೊಟ್ಟೆಯಿದೆ. ಗೊಡ್ಡು ಹಸುವೂ ಮೇವು ಕೇಳುತ್ತದೆ ಎಂಬುದು ಕೊಟ್ಟಿಗೆ ಇಟ್ಟವರಿಗೆಲ್ಲ ಗೊತ್ತಿರುವ ವಿಷಯ. ಎಷ್ಟು ಕೇಳುತ್ತದೆ ಎಂಬುದಕ್ಕೆ ಲೆಕ್ಕವೂ ಇದೆ. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ತೋರಿಸಿದಂತೆ, ಬಿಸಿರಕ್ತದ ಪ್ರಾಣಿ ಸುಮ್ಮನೆ ಬಿದ್ದುಕೊಂಡಾಗ ಖರ್ಚು ಮಾಡುವ ಶಕ್ತಿ ಅದರ ತೂಕದ ಮುಕ್ಕಾಲು ಘಾತಕ್ಕೆ ತಕ್ಕಂತೆ ಏರುತ್ತದೆ. ತೂಕವನ್ನು ಕಿಲೊದಲ್ಲಿ ತೆಗೆದುಕೊಂಡು, 0.75 ಘಾತಕ್ಕೇರಿಸಿ, 3.4ರಿಂದ ಗುಣಿಸಿದರೆ ಸರಿಸುಮಾರು ವ್ಯಾಟ್ ಲೆಕ್ಕ ಸಿಗುತ್ತದೆ. 70 ಕಿಲೊದ ಮನುಷ್ಯನಿಗೆ 82 ವ್ಯಾಟ್. ಒಂದು ಟನ್ನಿನ ಜೀವಂತ ಗಾಡಿಗೆ 600 ವ್ಯಾಟ್. ದಿನಕ್ಕೆ 52 ಮೆಗಾಜೂಲ್, ಅಂದರೆ ಶುದ್ಧ ಸಕ್ಕರೆಯ ಲೆಕ್ಕದಲ್ಲಿ ಮೂರೂಕಾಲು ಕಿಲೊ. ನಿಮ್ಮ ಕಥಾನಾಯಕ ಮೂರು ತಿಂಗಳು ಬಿಟ್ಟುಹೋದ ಗಾಡಿ ನಿಂತಲ್ಲೇ 300 ಕಿಲೊ ಸಕ್ಕರೆ ತಿಂದು ಮುಗಿಸಿರಬೇಕು, ಇಲ್ಲವೇ ಸತ್ತಿರಬೇಕು. ಶೀತರಕ್ತದ ಗಾಡಿ ಎಂದು ಬರೆದರೆ ಖರ್ಚು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಚಳಿಯ ಬೆಳಗಿನಲ್ಲಿ ಅದು ಬಿಸಿಲು ಕಾಯಿಸಿಕೊಳ್ಳದೆ ಹೆಜ್ಜೆ ಎತ್ತುವುದಿಲ್ಲ.

ಇದೇ ಸೂತ್ರದಿಂದ ಇನ್ನೊಂದು ಮಾತು ಹೊರಡುತ್ತದೆ. ಕಥೆಗಾರರಿಗೆ ಚಿಕ್ಕ ಜೀವಿಗಳ ಹಿಂಡೆಂದರೆ ಪ್ರೀತಿ. ಗೋಡೆಯ ಬಿರುಕು ಮುಚ್ಚುವ ಹುಳು, ಕಸ ಹೊರುವ ಹುಳು, ಬಟ್ಟೆ ಹೊಲಿಯುವ ಹುಳು. ಒಂದು ಟನ್ನಿನ ಒಂದೇ ಪ್ರಾಣಿಗೆ 600 ವ್ಯಾಟ್ ಸಾಕಾದರೆ, ಒಂದೊಂದು ಕಿಲೊದ ಸಾವಿರ ಪ್ರಾಣಿಗಳಿಗೆ 3,400 ವ್ಯಾಟ್ ಬೇಕು. ಅದೇ ತೂಕಕ್ಕೆ ಐದೂವರೆ ಪಟ್ಟು ಮೇವು. ಚಿಕ್ಕದಾದಷ್ಟೂ ಹಸಿವು ಹೆಚ್ಚು. ಹಾಗಾಗಿ ಅಂಥ ಸಮಾಜದಲ್ಲಿ ಹುಳುಗಳ ಹಿಂಡು ಸಿರಿವಂತರ ಮನೆಯ ಷೋಕಿಯಾಗಿರುತ್ತದೆ, ಬಡವರ ಮನೆಯಲ್ಲಿ ಒಂದೇ ದೊಡ್ಡ ಪ್ರಾಣಿ ಎಲ್ಲ ಕೆಲಸ ಮಾಡುತ್ತದೆ. ಇದುವರೆಗೆ ನಾವು ಓದಿದ ಕಥೆಗಳಲ್ಲೆಲ್ಲ ಇದು ತಲೆಕೆಳಗಾಗಿಯೇ ಇದೆ.

ಇನ್ನು ದೀಪ. ಒಂದು ಕೋಣೆಗೆ ಸಾಕಾಗುವ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 800 ಲ್ಯೂಮೆನ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಕೊಡುತ್ತದೆ. ಕಣ್ಣಿಗೆ ಅತಿ ಚೆನ್ನಾಗಿ ಕಾಣುವ ಹಸಿರು ಬೆಳಕಿನಲ್ಲಿ ಒಂದು ವ್ಯಾಟಿಗೆ 683 ಲ್ಯೂಮೆನ್. ಹಾಗಾಗಿ ಅಷ್ಟೇ ಬೆಳಕನ್ನು ಜೀವಿ ಕೊಡಬೇಕಾದರೆ 1.17 ವ್ಯಾಟ್ ಶುದ್ಧ ಬೆಳಕು ಹೊರಬಂದರೆ ಸಾಕು. ಇಷ್ಟೇನಾ ಎನ್ನಿಸುತ್ತದೆ. ಮಿಂಚುಹುಳುವಿನ ರಸಾಯನವನ್ನೇ ತೆಗೆದುಕೊಳ್ಳಿ: ಲೂಸಿಫೆರಿನ್ ಎಂಬ ಅಣು, ಅದನ್ನು ಉರಿಸುವ ಲೂಸಿಫರೇಸ್ ಕಿಣ್ವ, ಜೊತೆಗೆ ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು), ಮೆಗ್ನೀಸಿಯಂ, ಆಮ್ಲಜನಕ. ನೂರು ಅಣು ಉರಿದರೆ 88 ಬೆಳಕಿನ ಕಣ ಬರುತ್ತವೆ ಎಂದು ಬಹಳ ಕಾಲ ನಂಬಲಾಗಿತ್ತು. 2008ರಲ್ಲಿ ಸರಿಯಾಗಿ ಅಳೆದಾಗ 41 ಎಂದು ತಿಳಿಯಿತು. ಆ ಲೆಕ್ಕ ಹಿಡಿದರೆ ನಮ್ಮ ಕೋಣೆಯ ದೀಪ ಗಂಟೆಗೆ 13 ಗ್ರಾಂ ಲೂಸಿಫೆರಿನ್ ಉರಿಸುತ್ತದೆ. ಹತ್ತು ಗಂಟೆಯ ರಾತ್ರಿಗೆ 130 ಗ್ರಾಂ. ಉರಿದ ಅಣುವನ್ನು ಮತ್ತೆ ಕಟ್ಟಿಕೊಳ್ಳುವ ದಾರಿ ಆ ಜೀವಿಗೆ ಇರಲೇಬೇಕು, ಮತ್ತು ಆ ಕಟ್ಟೋಣಕ್ಕೂ ಸಕ್ಕರೆ ಬೇಕು. ಮೇವಿನಿಂದ ಬೆಳಕಿಗೆ ಒಟ್ಟು ದಕ್ಕುವುದು ನೂರರಲ್ಲಿ ಒಂದು ಪಾಲು ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. 117 ವ್ಯಾಟಿನ ಮೇವು, ರಾತ್ರಿಗೆ 270 ಗ್ರಾಂ ಸಕ್ಕರೆ. ಆ ಸಕ್ಕರೆಗೆ 200 ಲೀಟರ್ ಆಮ್ಲಜನಕ.

ಇಲ್ಲಿ ದೀಪ ಕೆಡುವುದು ಹೇಗೆಂದು ಹತ್ತಿರದಿಂದ ನೋಡಬೇಕು. ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿಯಲ್ಲಿ ಹೊಳೆಯುವ ಬ್ಯಾಕ್ಟೀರಿಯಾ ತುಂಬಿಟ್ಟಿದ್ದೀರಿ ಎನ್ನಿ. ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ 8 ಮಿಲಿಗ್ರಾಂ, ತೊಟ್ಟಿಯಲ್ಲಿ ಒಟ್ಟು 160 ಮಿಲಿಗ್ರಾಂ. ದೀಪ ಸೆಕೆಂಡಿಗೆ 8 ಮಿಲಿಗ್ರಾಂ ನುಂಗುತ್ತದೆ. ಇಪ್ಪತ್ತೇ ಸೆಕೆಂಡಿನಲ್ಲಿ ತಳ ಕತ್ತಲಾಗಿ, ಗಾಳಿ ತಾಗುವ ಮೇಲ್ಪದರದಲ್ಲಿ ಬೆರಳಗಲದ ಹೊಳಪು ಮಾತ್ರ ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಇಂಥ ಬ್ಯಾಕ್ಟೀರಿಯಾ ಬೆಳೆಸಿದವರಿಗೆ ಈ ದೃಶ್ಯ ಹೊಸದಲ್ಲ: ಸೀಸೆ ಕುಲುಕಿದರೆ ಇಡೀ ಹೊಳೆಯುತ್ತದೆ, ಕೆಳಗಿಟ್ಟರೆ ಮಂಕಾಗುತ್ತದೆ. ಆದ್ದರಿಂದ ದೀಪಕ್ಕೆ ಗಾಳಿ ಊದುವ ಇನ್ನೊಂದು ಜೀವಿ ಬೇಕು, ಅದಕ್ಕೂ ಮೇವು ಬೇಕು. ಬೆಳಕಾಗದ 116 ವ್ಯಾಟ್ ಬಿಸಿಯಾಗಿ ನೀರಿನಲ್ಲೇ ಉಳಿಯುತ್ತದೆ. ಆ ಬಿಸಿ ಹೊರಹೋಗಲು ದಾರಿಯಿಲ್ಲದಿದ್ದರೆ ಇಪ್ಪತ್ತು ಲೀಟರ್ ನೀರು ಗಂಟೆಗೆ 5 ಡಿಗ್ರಿಯಂತೆ ಏರುತ್ತದೆ. ಕಡಲಿನ ಹೊಳೆಯುವ ಬ್ಯಾಕ್ಟೀರಿಯಾಗಳಲ್ಲಿ ಹಲವಕ್ಕೆ 30 ಡಿಗ್ರಿ ದಾಟಿದರೆ ಬೆಳಕು ಕಂದುತ್ತದೆ. ಸಂಜೆ ಹಚ್ಚಿದ ದೀಪ ಎರಡು ಗಂಟೆಯಲ್ಲಿ ತನ್ನ ಬಿಸಿಗೆ ತಾನೇ ಬೇಯುತ್ತದೆ. ದೀಪ ತೆಳುವಾಗಿರಬೇಕು, ಅಗಲವಾಗಿರಬೇಕು, ಗಾಳಿಗೆ ಮೈಯೊಡ್ಡಿರಬೇಕು. ಬಲ್ಬಿನ ಆಕಾರ ಅದಕ್ಕೆ ಒಪ್ಪುವುದೇ ಇಲ್ಲ. ಗೋಡೆಗೆ ಹರಡಿದ ಪದರ ಎಂದು ಬರೆದ ಕಥೆಗಾರರು ಗೊತ್ತಿಲ್ಲದೆಯೇ ಸರಿ ಬರೆದಿದ್ದಾರೆ. ಹೊಟ್ಟೆಗೆ ಹಿಟ್ಟು ಎಲ್ಲಿಂದ ಎಂದು ಹೇಳದೆ ಜುಟ್ಟಿಗೆ ಮಲ್ಲಿಗೆ ಮುಡಿಸಿದ್ದಾರೆ, ಅಷ್ಟೇ.

ಮೇವು ಎಲ್ಲಿಂದ? ದ್ಯುತಿಸಂಶ್ಲೇಷಣೆಯಿಂದ ಎನ್ನುತ್ತಾರೆ. ಗಿಡಗಳು ಹೊಲದಲ್ಲಿ ಬಿಸಿಲಿನ ನೂರರಲ್ಲಿ ಒಂದು ಪಾಲನ್ನು ಹಿಡಿದಿಟ್ಟರೆ ಅದೇ ಹೆಚ್ಚು. ಹಗಲು-ರಾತ್ರಿ, ಮೋಡ ಎಲ್ಲ ಸೇರಿಸಿ ಚದರ ಮೀಟರಿಗೆ ಸರಾಸರಿ 200 ವ್ಯಾಟ್ ಬಿಸಿಲು ಬೀಳುವ ಗ್ರಹ ಎಂದಿಟ್ಟುಕೊಂಡರೆ, ದಕ್ಕುವುದು 2 ವ್ಯಾಟ್. ರಾತ್ರಿ ಹತ್ತು ಗಂಟೆ ಉರಿಯುವ ಆ ಒಂದು ದೀಪಕ್ಕೆ 24 ಚದರ ಮೀಟರ್ ಹೊಲ ಬೇಕು, ಹೆಚ್ಚುಕಡಿಮೆ ಐದು ಮೀಟರ್ ಉದ್ದ-ಅಗಲದ ಕೋಣೆಯಷ್ಟು ನೆಲ. ಅದೇ 9 ವ್ಯಾಟಿನ ಬಲ್ಬನ್ನು ಶೇಕಡಾ 20 ದಕ್ಷತೆಯ ಸೌರಫಲಕದಿಂದ ಉರಿಸಿದರೆ, ಬ್ಯಾಟರಿಯ ನಷ್ಟ ಬಿಟ್ಟು, ಒಂದು ಚದರಡಿ ಸಾಕು. ಲೋಹದ ತಂತ್ರಜ್ಞಾನವನ್ನು ಬಿಟ್ಟ ನಾಗರಿಕತೆ ಎಂದರೆ ಬೆಳಕಿಗಾಗಿಯೇ ಇನ್ನೂರೈವತ್ತು ಪಟ್ಟು ಹೆಚ್ಚು ನೆಲ ಉತ್ತ ನಾಗರಿಕತೆ. ಅವರ ಜಗಳಗಳು ಯಾವುದಕ್ಕಾಗಿ ನಡೆಯುತ್ತವೆ ಎಂದು ಕಥೆಗಾರ ಇಲ್ಲೇ ಕಂಡುಕೊಳ್ಳಬಹುದು.

ಮೇವಿನಷ್ಟೇ ಕಾಡುವ ಇನ್ನೊಂದು ತೊಂದರೆಯಿದೆ, ಕಥೆಗಳಲ್ಲಿ ಅದರ ಸುಳಿವೇ ಇರುವುದಿಲ್ಲ. ಬೆಳಕು ಕೊಡುವುದು ಬ್ಯಾಕ್ಟೀರಿಯಾಗೆ ಶುದ್ಧ ನಷ್ಟ. ಬೆಳಕಿನ ಜೀನು ಕೆಟ್ಟ ಒಂದು ಕೋಶ ಹುಟ್ಟಿದರೆ ಅದಕ್ಕೆ ಆ ಖರ್ಚು ಉಳಿಯಿತು. ಅದು ಬೇಗ ಬೆಳೆಯುತ್ತದೆ. ಬ್ಯಾಕ್ಟೀರಿಯಾದ ಇಡೀ ಜೀನೋಮಿನಲ್ಲಿ, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹದಲ್ಲಿ, ತಪ್ಪು ನುಸುಳುವುದು ಸಾವಿರ ವಿಭಜನೆಗೆ ಒಂದರಷ್ಟು ಅಪರೂಪ ಎನ್ನಿ. ಆದರೆ ನಮ್ಮ ತೊಟ್ಟಿಯಲ್ಲಿ ಮಿಲಿಲೀಟರಿಗೆ ನೂರು ಕೋಟಿ ಕೋಶದಂತೆ ಇಪ್ಪತ್ತು ಲಕ್ಷ ಕೋಟಿ ಕೋಶಗಳಿವೆ. ಕೆಡಬಹುದಾದ ಪ್ರತಿಯೊಂದು ಅಕ್ಷರವೂ ಎಲ್ಲೋ ಒಂದು ಕೋಶದಲ್ಲಿ ಆಗಲೇ ಕೆಟ್ಟಿರುತ್ತದೆ. ಹತ್ತು ಲಕ್ಷಕ್ಕೊಂದು ಕತ್ತಲ ಕೋಶ ಇತ್ತು, ಅದರ ಬೆಳವಣಿಗೆ ಉಳಿದವಕ್ಕಿಂತ ಶೇಕಡಾ 10 ಚುರುಕು ಎಂದುಕೊಳ್ಳಿ. ಹತ್ತು ಪೀಳಿಗೆಗೊಮ್ಮೆ ಅದರ ಪಾಲು ಇಮ್ಮಡಿಯಾಗುತ್ತಾ 200 ಪೀಳಿಗೆಯಲ್ಲಿ ಅರ್ಧ ತೊಟ್ಟಿ ಅದರದ್ದಾಗುತ್ತದೆ. ಗಂಟೆಗೊಂದು ಪೀಳಿಗೆಯಾದರೆ ಎಂಟೊಂಬತ್ತು ದಿನ. ಅಷ್ಟರಲ್ಲಿ ಮೇವು ಕಡಿಮೆಯಾಗಿಲ್ಲ, ತೊಟ್ಟಿ ತುಂಬಿದೆ, ಬೆಳಕು ಮಾತ್ರ ಅರ್ಧ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಪರಿಹಾರ ಕಡಲಲ್ಲಿ ಆಗಲೇ ಇದೆ, ಕಥೆಗಾರರು ಅಲ್ಲಿಂದ ಕಲಿಯಬೇಕು. ಹವಾಯಿ ದ್ವೀಪಗಳ ಆಳವಿಲ್ಲದ ನೀರಿನಲ್ಲಿ ಹೆಬ್ಬೆರಳಷ್ಟು ದೊಡ್ಡ ಒಂದು ಸ್ಕ್ವಿಡ್ ಇದೆ, ಯುಪ್ರಿಮ್ನಾ ಸ್ಕೊಲೋಪಿಸ್. ಅದರ ಹೊಟ್ಟೆಯಡಿಯ ಬೆಳಕಿನ ಅಂಗದಲ್ಲಿ ವಿಬ್ರಿಯೊ ಫಿಶರಿ ಎಂಬ ಬ್ಯಾಕ್ಟೀರಿಯಾ ವಾಸ. ಸ್ಕ್ವಿಡ್ ಅವಕ್ಕೆ ಊಟ ಕೊಡುತ್ತದೆ. ಅವು ರಾತ್ರಿ ಬೆಳಕು ಕೊಟ್ಟು, ಕೆಳಗಿನಿಂದ ನೋಡುವ ಬೇಟೆಗಾರ ಮೀನಿಗೆ ಸ್ಕ್ವಿಡ್‌ನ ನೆರಳು ಕಾಣದಂತೆ ಮಾಡುತ್ತವೆ. ಪ್ರತಿದಿನ ಬೆಳಗಾಗುತ್ತಲೇ ಸ್ಕ್ವಿಡ್ ತನ್ನೊಳಗಿನ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ 95ನ್ನು ಹೊರಗೆ ಉಗುಳಿಬಿಡುತ್ತದೆ. ಉಳಿದ ಐದು ಪಾಲು ಸಂಜೆಯೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಬೆಳಗಲಾರದ ತಳಿ ಆ ಅಂಗದಲ್ಲಿ ಹೆಚ್ಚು ದಿನ ನೆಲೆಯೂರಲಾರದು. ಇದರಲ್ಲಿ ಮೂರು ಯುಕ್ತಿಗಳು ಒಟ್ಟಿಗಿವೆ: ದಿನವೂ ಹಳತನ್ನು ಚೆಲ್ಲುವುದು, ಸ್ವಲ್ಪ ಹೆಪ್ಪು ಉಳಿಸುವುದು, ಕೆಲಸ ಮಾಡದ್ದನ್ನು ಹೊರಗಟ್ಟುವುದು. ಕೋಶಗಳ ಸಂಖ್ಯೆ ಸಾಕಷ್ಟು ಆಗುವವರೆಗೂ ಈ ಬ್ಯಾಕ್ಟೀರಿಯಾ ಬೆಳಗುವುದೇ ಇಲ್ಲ. ತಾವು ಬಿಟ್ಟ ಒಂದು ಸಣ್ಣ ಅಣುವಿನ ಸಾಂದ್ರತೆಯಿಂದ ತಾವೆಷ್ಟು ಜನ ಸೇರಿದ್ದೇವೆಂದು ಅವಕ್ಕೆ ತಿಳಿಯುತ್ತದೆ. ಕಥೆಯ ದೀಪಕ್ಕೆ ಸ್ವಿಚ್ ಬೇಕೇ ಬೇಕೆಂದರೆ ಇದನ್ನೇ ಸ್ವಿಚ್ ಮಾಡಿ. ಬೆಳಗ್ಗೆ ಚೆಲ್ಲಿ, ಮೇವು ಹಾಕಿ, ಕತ್ತಲಾಗುವ ಹೊತ್ತಿಗೆ ಅದು ತಾನಾಗಿ ಹತ್ತಿಕೊಳ್ಳಲಿ. ನಡುರಾತ್ರಿ ಆರಿಸಬೇಕೆನಿಸಿದರೆ ಪರದೆ ಎಳೆಯಬೇಕು.

ವಿದ್ಯುತ್ತಿನ ವಿಷಯಕ್ಕೆ ಬಂದರೆ ಎಲ್ಲರೂ ವಿದ್ಯುತ್ ಹಾವುಮೀನನ್ನು ಎಳೆದು ತರುತ್ತಾರೆ. ಅದರಲ್ಲಿ ತಪ್ಪಿಲ್ಲ, ದಕ್ಷಿಣ ಅಮೆರಿಕದ ನದಿಗಳ ಆ ಮೀನಿನ ಒಂದು ಪ್ರಭೇದದಲ್ಲಿ 860 ವೋಲ್ಟ್ ಅಳೆದದ್ದು 2019ರಲ್ಲಿ ವರದಿಯಾಯಿತು. ಒಂದೊಂದು ಕೋಶ ಕೊಡುವುದು 0.15 ವೋಲ್ಟ್; ಸಾವಿರಾರು ಕೋಶಗಳು ಸಾಲಾಗಿ ಒಂದೇ ಕ್ಷಣಕ್ಕೆ ತೆರೆದುಕೊಳ್ಳುವುದರಿಂದ ಅಷ್ಟು ವೋಲ್ಟೇಜ್. ಆದರೆ ಒಂದು ಮಿಡಿತ ಇರುವುದು ಎರಡು ಮಿಲಿಸೆಕೆಂಡು. ಹರಿಯುವುದು ಒಂದು ಆಂಪಿಯರ್ ಎಂದು ಹಿಡಿದರೂ ಮಿಡಿತಕ್ಕೆ ಒಂದೂವರೆ ಜೂಲ್. ನಮ್ಮ 9 ವ್ಯಾಟಿನ ಬಲ್ಬಿಗೆ ಸೆಕೆಂಡಿಗೆ ಆರು ಪೂರ್ಣ ಮಿಡಿತದಂತೆ ರಾತ್ರಿಯಿಡೀ ಹೊಡೆಯುತ್ತಿರಬೇಕು. ಬೇಟೆಗೆ ಒಂದೆರಡು ಕ್ಷಣ ಹೊಡೆದು ಸುಧಾರಿಸಿಕೊಳ್ಳುವ ಅಂಗ ಅದು. ವಿದ್ಯುತ್ತಿಗಿಂತ ಕೊಬ್ಬನ್ನು ನಂಬುವುದು ಜಾಣತನ. ಒಂದು ಗ್ರಾಂ ಕೊಬ್ಬಿನಲ್ಲಿ 37 ಕಿಲೊಜೂಲ್, ಈಗಿನ ಲೀಥಿಯಂ ಬ್ಯಾಟರಿಯಲ್ಲಿ ಗ್ರಾಂಗೆ ಒಂದು ಕಿಲೊಜೂಲೂ ಇಲ್ಲ. ಸ್ನಾಯು ಅದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸಿದರೂ ಒಂಬತ್ತು ಪಟ್ಟು ಮುಂದೆ. ದೂರದ ಹಾದಿಗೆ ಜೀವಂತ ಗಾಡಿ ಬ್ಯಾಟರಿ ಗಾಡಿಯನ್ನು ಸೋಲಿಸುತ್ತದೆ. ಇಲ್ಲಿ ಜೀವಿಯದೇ ಮೇಲುಗೈ. ನಮ್ಮಿಬ್ಬರಲ್ಲಿ ಯಂತ್ರಗಳ ಕಡೆಯವರು ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ನರದ ಬಳ್ಳಿಯ ದೂರವಾಣಿಯನ್ನು ಮಾತ್ರ ದಯವಿಟ್ಟು ಕೈಬಿಡಿ. ಅತಿ ವೇಗದ ನರದಲ್ಲಿ ಸಂದೇಶ ಸೆಕೆಂಡಿಗೆ 120 ಮೀಟರ್ ಓಡುತ್ತದೆ. ನೂರು ಕಿಲೊಮೀಟರ್ ದೂರದ ಊರಿಗೆ 'ಹಲೋ' ತಲುಪಲು 14 ನಿಮಿಷ, ಉತ್ತರ ಬರಲು ಇನ್ನೊಂದು 14. ತಾಮ್ರದ ತಂತಿಯಲ್ಲಿ ಅದೇ ಸಂಕೇತ ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಮುಟ್ಟುತ್ತದೆ. ನೀರಿನಲ್ಲಿ ಬದುಕುವ ಅನ್ಯಗ್ರಹವಾಸಿಗಳಾದರೆ ಶಬ್ದವೇ ವಾಸಿ. ನೀರಿನಲ್ಲಿ ಅದರ ವೇಗ ಸೆಕೆಂಡಿಗೆ 1,500 ಮೀಟರ್, ನೂರು ಕಿಲೊಮೀಟರಿಗೆ ಒಂದು ನಿಮಿಷ ಚಿಲ್ಲರೆ. ಎಲ್ಲಕ್ಕಿಂತ ಒಳ್ಳೆಯ ದಾರಿ ಬೆಳಕಿನದು. ಕಡಲ ಆಳದಲ್ಲಿ ಯುಪ್ಲೆಕ್ಟೆಲ್ಲಾ ಎಂಬ ಗಾಜಿನ ಸ್ಪಂಜು ಇದೆ. ಅದು ತಣ್ಣನೆಯ ನೀರಿನಲ್ಲಿ, ಯಾವ ಕುಲುಮೆಯೂ ಇಲ್ಲದೆ, ಗಾಜಿನ ಎಳೆಗಳನ್ನು ಬೆಳೆಸುತ್ತದೆ. ಆ ಎಳೆಗಳು ನಾವು ಫೋನಿಗೆ ಬಳಸುವ ಆಪ್ಟಿಕಲ್ ಫೈಬರಿನಂತೆ ಬೆಳಕನ್ನು ಸಾಗಿಸಬಲ್ಲವೆಂದು 2003ರಲ್ಲಿ ತೋರಿಸಲಾಯಿತು. ಬಿರುಕು ಬಿಟ್ಟರೂ ಪಟ್ಟನೆ ಮುರಿಯುವುದಿಲ್ಲ. ಬೆರಳುದ್ದದ ಎಳೆಯನ್ನು ಕಿಲೊಮೀಟರ್ ಉದ್ದಕ್ಕೆ ಬೆಳೆಸುವ ಸ್ಪಂಜನ್ನು ಕಲ್ಪಿಸಿಕೊಳ್ಳಲು ಕಥೆಗಾರರಿಗೆ ಹಕ್ಕಿದೆ. ಅದು ಸತ್ತ ಗಾಜು ಎಂಬುದೇ ಅದರ ಹೆಚ್ಚುಗಾರಿಕೆ. ಬೆಳೆದ ಮೇಲೆ ಅದಕ್ಕೆ ಮೇವು ಬೇಡ.

ರೇಡಿಯೊ ಅಲೆ ಹೊರಡಿಸುವ ಜೀವಿ ಭೂಮಿಯ ಮೇಲೆ ಕಂಡುಬಂದಿಲ್ಲ. ಲೋಹ ಬಿಟ್ಟ ಸಮಾಜಕ್ಕೆ ರೇಡಿಯೊ ಇಲ್ಲದಿದ್ದರೆ, ಆಕಾಶಕ್ಕೆ ಕಿವಿಗೊಟ್ಟು ಕೂತ ನಮ್ಮ ದೂರದರ್ಶಕಗಳಿಗೆ ಅವರ ಸದ್ದೇ ಕೇಳಿಸದು. ಅವರನ್ನು ಅವರ ಗಾಳಿಯಿಂದ ಪತ್ತೆ ಮಾಡಬೇಕು, ಜೀವಿಗಳು ತುಂಬುತ್ತಿರದಿದ್ದರೆ ಹೆಚ್ಚು ಕಾಲ ಜೊತೆಗಿರಲಾರದ ಆಮ್ಲಜನಕವೂ ಮೀಥೇನೂ ಒಂದೇ ಕಡೆ ಇದ್ದರೆ.

ಗಣಕಯಂತ್ರದ ವಿಷಯ ಬೇಗ ಮುಗಿಸುತ್ತೇವೆ. ಮಿದುಳು 20 ವ್ಯಾಟಿನಲ್ಲಿ 8,600 ಕೋಟಿ ನರಕೋಶ ನಡೆಸುತ್ತದೆ. ಆ ಮಿತವ್ಯಯದ ಮುಂದೆ ಸಿಲಿಕಾನ್ ತಲೆತಗ್ಗಿಸಬೇಕು. ಜೀನುಗಳಿಂದಲೇ ಲೆಕ್ಕ ಮಾಡಿಸುವ ಮಾತು ಬೇರೆ. 2000ನೇ ಇಸವಿಯಲ್ಲಿ ಬ್ಯಾಕ್ಟೀರಿಯಾದೊಳಗೆ ಮೂರು ಜೀನುಗಳು ಒಂದನ್ನೊಂದು ಅದುಮುವಂತೆ ಜೋಡಿಸಿ ಗಡಿಯಾರ ಮಾಡಿದರು. ಅದು ಒಂದು ಸುತ್ತು ಬರಲು ಸುಮಾರು 150 ನಿಮಿಷ ಹಿಡಿಯಿತು. ಕೂಡಿಸುವುದು ಕಳೆಯುವುದು ಋತುಮಾನದ ಕೆಲಸವಾಗುತ್ತದೆ. ನೆನಪಿಡಲು ಮಾತ್ರ ಡಿಎನ್‌ಎಗೆ ಸಾಟಿಯಿಲ್ಲ. ಒಂದು ಗ್ರಾಮಿನಲ್ಲಿ 215 ಪೆಟಾಬೈಟ್ (ಒಂದು ಪೆಟಾಬೈಟ್ ಎಂದರೆ ಹತ್ತು ಲಕ್ಷ ಗಿಗಾಬೈಟ್) ತುಂಬಬಹುದಾದ ಸಂಕೇತ ವಿಧಾನವನ್ನು 2017ರಲ್ಲಿ ತೋರಿಸಲಾಯಿತು.

ಮನೆ ಕಟ್ಟುವ ವಿಷಯದಲ್ಲಿ ಕಥೆಗಾರರು ಗೋಡೆ ಇಡಿಯಾಗಿ ಜೀವಂತ ಎನ್ನುತ್ತಾರೆ. ಅದು ಆಗದ ಮಾತು. ಆಮ್ಲಜನಕ ತಾನಾಗಿ ಹಸಿ ಅಂಗಾಂಶದೊಳಗೆ ಇಳಿಯಲು ಹಿಡಿಯುವ ಹೊತ್ತು ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಮಿಲಿಮೀಟರ್ ದಾಟಲು ನಾಲ್ಕು ನಿಮಿಷ, ಒಂದು ಸೆಂಟಿಮೀಟರಿಗೆ ಏಳು ಗಂಟೆ, ಹತ್ತು ಸೆಂಟಿಮೀಟರಿಗೆ ತಿಂಗಳು. ನಮ್ಮ ದೇಹದ ಬಹುಪಾಲು ಕೋಶಗಳು ರಕ್ತನಾಳದಿಂದ ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ದೂರ ಇರದಿರುವುದು ಇದಕ್ಕೇ. ಗೋಡೆಯೊಳಗೆಲ್ಲ ರಕ್ತನಾಳ ಹೆಣೆದರೆ ಅದಕ್ಕೊಂದು ಹೃದಯ ಬೇಕು, ಹೃದಯಕ್ಕೆ ಮೇವು ಬೇಕು. ಮರವೂ ಹವಳವೂ ಕಂಡುಕೊಂಡ ಉಪಾಯ ಬೇರೆ: ಒಳಗಿನ ದಿಮ್ಮಿ ಸತ್ತದ್ದು, ಮೇಲಿನ ತೆಳು ಪದರ ಮಾತ್ರ ಜೀವಂತ. ಆ ಪದರ ತನ್ನ ಹಿಂದೆ ಗಟ್ಟಿ ಪದಾರ್ಥ ಬಿಡುತ್ತಾ ಹೊರಕ್ಕೆ ಸರಿಯುತ್ತದೆ. ಗಟ್ಟಿ ಪದಾರ್ಥದ ಗುಣದಲ್ಲಿ ಜೀವಿಗಳು ಯಾರಿಗೂ ಕಡಿಮೆಯಿಲ್ಲ. ಮುತ್ತಿನ ಚಿಪ್ಪಿನ ಒಳಪದರ ನೂರಕ್ಕೆ 95 ಪಾಲು ಬರೀ ಸುಣ್ಣದಕಲ್ಲು. ಅರ್ಧ ಮೈಕ್ರೊಮೀಟರ್ ದಪ್ಪದ ಹಲಗೆಗಳನ್ನು ಪ್ರೋಟೀನಿನ ಗಾರೆಯಲ್ಲಿ ಜೋಡಿಸಿದ್ದರಿಂದ ಒಡೆಯಲು ಬೇಕಾದ ಶಕ್ತಿ ಬರೀ ಖನಿಜಕ್ಕಿಂತ ಸಾವಿರಾರು ಪಟ್ಟು ಏರುತ್ತದೆ. ಬಂಡೆಗಂಟಿಕೊಳ್ಳುವ ಲಿಂಪೆಟ್ ಎಂಬ ಕಡಲಬಸವನ ಹಲ್ಲಿನಲ್ಲಿ ಕಬ್ಬಿಣದ ಖನಿಜದ ಎಳೆಗಳಿವೆ. 2015ರ ಅಳತೆಯಲ್ಲಿ ಅದರ ಬಲ ಜೇಡನ ನೂಲನ್ನೂ ಮೀರಿಸಿತು. ಕುಲುಮೆಯಿಲ್ಲದೆ ಕಬ್ಬಿಣ ಬಳಸುವ ದಾರಿ ಇದು. ಏಕೆಂದರೆ ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ, ನಮಗೆ ಗೊತ್ತಿರುವ ಜೀವಿಗಳಲ್ಲಿ ಅತ್ಯಂತ ಗಟ್ಟಿಗ ಸೂಕ್ಷ್ಮಜೀವಿ ಬೆಳೆದದ್ದು 122 ಡಿಗ್ರಿಯವರೆಗೆ.

ಜೀವಂತ ನೌಕೆ ಗ್ರಹ ಬಿಟ್ಟು ಹಾರುವುದು ಸಾಧ್ಯವಿಲ್ಲವೆಂದೂ ಇದರಿಂದಲೇ ಗೊತ್ತಾಗುತ್ತದೆ. ರಾಕೆಟ್ಟಿನ ಒಲೆ ಸುಮಾರು 3,000 ಡಿಗ್ರಿ ಮುಟ್ಟುತ್ತದೆ. ಬಾಂಬಾರ್ಡಿಯರ್ ಜೀರುಂಡೆ ಹೈಡ್ರೋಕ್ವಿನೋನನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಹೊಟ್ಟೆಯಲ್ಲಿ ಬೆರೆಸಿ ಸೆಕೆಂಡಿಗೆ ನೂರಾರು ಬಾರಿ ಸಿಡಿಸುತ್ತದೆ, ಸರಿ. ಅದರ ಬಿಸಿ 100 ಡಿಗ್ರಿ.

ಇನ್ನು ರೋಗ. ಮನುಷ್ಯ ಪೂರ್ತಿಯಾಗಿ ಯಂತ್ರವಾಗಿಸಿಕೊಂಡ ಒಂದು ಪ್ರಾಣಿ ನಮ್ಮ ಕಣ್ಣೆದುರೇ ಇದೆ: ರೇಷ್ಮೆಹುಳು. ಸಾವಿರಾರು ವರ್ಷ ಸಾಕಿದ್ದರಿಂದ ಅದರ ಚಿಟ್ಟೆಗೆ ಹಾರಲು ಬಾರದು, ಹುಳು ತಾನಾಗಿ ಮೇವು ಹುಡುಕದು. ನಾಲ್ಕು ಸಲ ಜ್ವರಕ್ಕೆ ಕೂತು (ಅಂದರೆ ಪೊರೆ ಕಳಚಿ) ಎದ್ದು, ಸುಮಾರು 25 ದಿನದಲ್ಲಿ ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಬೆಳೆದು, ಹಣ್ಣಾಗಿ, ಒಂದು ಕಿಲೊಮೀಟರಿನ ಆಸುಪಾಸು ಉದ್ದದ ನೂಲು ಬಿಡುತ್ತದೆ. ಇಷ್ಟು ಚೊಕ್ಕ ಯಂತ್ರ ಏಕೆ ಕೆಡುತ್ತದೆ? ಸಪ್ಪೆ ರೋಗ, ಹಾಲು ರೋಗ, ಸುಣ್ಣಕಟ್ಟು ರೋಗ, ಗಂಟು ರೋಗ. ಒಂದು ತಟ್ಟೆಗೆ ಬಂದದ್ದು ಮನೆಯಿಡೀ ಹರಡುತ್ತದೆ. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿಯುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮ ಅದರಿಂದ ನೆಲಕಚ್ಚಿದಾಗ ಲೂಯಿ ಪಾಶ್ಚರ್ ಕಂಡುಕೊಂಡ ಉಪಾಯ ಸರಳ: ಒಂದೊಂದು ತಾಯಿ ಚಿಟ್ಟೆಯನ್ನೂ ಬೇರೆ ಬೇರೆ ಮೊಟ್ಟೆಯಿಡಿಸಿ, ಆಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವುದು, ರೋಗದ ಕಣ ಕಂಡರೆ ಆ ತಾಯಿಯ ಮೊಟ್ಟೆಗಳನ್ನೆಲ್ಲ ಸುಡುವುದು. ರೋಗರಹಿತ ಮೊಟ್ಟೆ ತಯಾರಿಕೆ ಇಂದಿಗೂ ನಡೆಯುವುದು ಈ ಪರೀಕ್ಷೆಯ ಮೇಲೆ. ಅನ್ಯಗ್ರಹದ ಗಾಡಿ ಕಾರ್ಖಾನೆಯಲ್ಲಿ ಜೋಡಣೆಯ ಸಾಲು ಇರುವುದಿಲ್ಲ. ತಾಯಿ ಗಾಡಿಗಳನ್ನು ಪರೀಕ್ಷಿಸುವ ಸೂಕ್ಷ್ಮದರ್ಶಕಗಳ ಸಾಲು ಇರುತ್ತದೆ.

ವೈರಸ್ಸಿಗೆ ಇನ್ನೂ ಆಳದ ಮದ್ದು ಉಂಟು. ಎಲ್ಲ ಜೀವಿಗಳೂ ಪ್ರೋಟೀನು ಕಟ್ಟಲು 64 ಮೂರಕ್ಷರದ ಪದಗಳನ್ನು ಬಳಸುತ್ತವೆ. 2019ರಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಇಡೀ ಜೀನೋಮನ್ನು ತಿದ್ದಿ ಬರೆದು 61 ಪದದಲ್ಲೇ ಬದುಕುವಂತೆ ಮಾಡಿದರು. ಕೈಬಿಟ್ಟ ಪದಗಳನ್ನು ಓದುವ ಅಣುಗಳನ್ನೂ ಮುಂದೆ ತೆಗೆದುಹಾಕಿದಾಗ, ಆ ಪದಗಳನ್ನು ನೆಚ್ಚಿಕೊಂಡ ಹಲವು ವೈರಸ್‌ಗಳು ಅದರೊಳಗೆ ಬೆಳೆಯಲಾರದಾದವು. ತಪ್ಪಿಸಿಕೊಂಡು ಕಾಡು ಸೇರದಂತೆ ಬೀಗ ಹಾಕುವುದನ್ನೂ 2015ರಲ್ಲೇ ತೋರಿಸಲಾಗಿದೆ. ನಿಸರ್ಗದಲ್ಲಿಲ್ಲದ ಒಂದು ಅಮಿನೊ ಆಮ್ಲವನ್ನು ಮೇವಿನಲ್ಲಿ ಕೊಡದಿದ್ದರೆ ಸಾಯುವ ಬ್ಯಾಕ್ಟೀರಿಯಾ ಅದು. ಕಥೆಗಾರರೇ, ಇಲ್ಲಿ ಸ್ವಲ್ಪ ನಿಲ್ಲಿ. ಊರಿನ ಎಲ್ಲ ದೀಪ, ಗಾಡಿ, ಗೋಡೆಗಳಿಗೆ ಬೇಕಾದ ಆ ಒಂದು ಚಿಟಿಕೆ ಪುಡಿಯನ್ನು ಯಾರು ತಯಾರಿಸುತ್ತಾರೋ ಅವರೇ ಆ ಗ್ರಹದ ದೊರೆಗಳು. ಸೇನೆ ಬೇಡ, ಪುಡಿ ನಿಲ್ಲಿಸಿದರೆ ಸಾಕು. ಇಷ್ಟು ಒಳ್ಳೆಯ ಕಥಾವಸ್ತುವನ್ನು ಬಿಟ್ಟು ಲೇಸರ್ ಕಾದಾಟಕ್ಕೆ ಹೋಗುವುದೇಕೋ ತಿಳಿಯದು.

ನಿಜವಾಗಿ 'ಬಂದ್' ಆಗುವ ಜೀವರೂಪವೆಂದರೆ ಬೀಜ. ಬ್ಯಾಕ್ಟೀರಿಯಾದಲ್ಲಾದರೆ ಸ್ಪೋರ್. ಬೆಸಿಲಸ್ ಜಾತಿಯವು ಒಣಗಿದಾಗ ಗಟ್ಟಿ ಕವಚದೊಳಗೆ ಮುದುಡಿ ವರ್ಷಗಟ್ಟಲೆ ಮೇವು, ನೀರು ಇಲ್ಲದೆ ಇರುತ್ತವೆ. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಹೆಂಕ್ ಯೊಂಕರ್ಸ್ ಇದನ್ನೇ ಕಾಂಕ್ರೀಟಿಗೆ ಬೆರೆಸಿದರು. ಸ್ಪೋರ್ ಮತ್ತು ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಮೇವು ಎರಡನ್ನೂ ಕಾಂಕ್ರೀಟಿನಲ್ಲಿ ಸೇರಿಸಿಡುತ್ತಾರೆ. ಬಿರುಕು ಬಿಟ್ಟಾಗ ನೀರು ಒಳಗಿಳಿಯುತ್ತದೆ, ಸ್ಪೋರ್ ಎಚ್ಚರಗೊಳ್ಳುತ್ತದೆ, ಮೇವು ತಿಂದು ಸುಣ್ಣದಕಲ್ಲು ಬಿಡುತ್ತದೆ. ಮುಕ್ಕಾಲು ಮಿಲಿಮೀಟರಿನಷ್ಟು ಅಗಲದ ಬಿರುಕು ಮುಚ್ಚುತ್ತದೆ. ಅದಕ್ಕಿಂತ ಅಗಲವಾದರೆ ಮುಚ್ಚುವುದು ಕಷ್ಟ. ಹೀಗಾಗಿ ಅನ್ಯಗ್ರಹದ ಗೋದಾಮಿನಲ್ಲಿ ಗಾಡಿಗಳು ಸಾಲಾಗಿ ನಿಂತಿರುವುದಿಲ್ಲ, ಗಾಡಿಯ ಬೀಜದ ಡಬ್ಬಿಗಳಿರುತ್ತವೆ. ತುರ್ತಾಗಿ ಗಾಡಿ ಬೇಕೆಂದರೆ ಬಿತ್ತಿ ಕಾಯಬೇಕು. ಯುದ್ಧಕ್ಕೆ ಒಂದು ವರ್ಷ ಮುಂಚೆಯೇ ಬಿತ್ತನೆ ಆಗಬೇಕು, ಗುಟ್ಟಾಗಿ ಮಾಡಲು ಬಾರದು. ಅಷ್ಟು ಮೇವಿನ ಹೊಲ ಹಸಿರಾದರೆ ನೆರೆರಾಜ್ಯಕ್ಕೆ ಕಾಣುತ್ತದೆ.

ಗಾಡಿಗೆ ನೋವು ಗೊತ್ತಾಗಬೇಕೇ ಎಂಬ ಪ್ರಶ್ನೆಯಲ್ಲಿ ನಮ್ಮಿಬ್ಬರಿಗೆ ಒಮ್ಮತವಿಲ್ಲ. ನೋವಿಲ್ಲದ ಕಾಲು ಗಾಯವಾದದ್ದು ತಿಳಿಯದೆ ಅದೇ ಗಾಯದ ಮೇಲೆ ನಡೆದು ಕೊಳೆಯುತ್ತದೆ; ಹಾಗಾಗಿ ನೋವು ತೆಗೆದರೆ ಗಾಡಿ ಬೇಗ ಹಾಳು ಎನ್ನುತ್ತಾರೆ ಒಬ್ಬರು. ನೋವಿರುವ ಗಾಡಿಯನ್ನು ಹತ್ತುವುದೇ ತಪ್ಪು ಎನ್ನುತ್ತಾರೆ ಇನ್ನೊಬ್ಬರು. ಕಥೆಗಾರರು ಇದನ್ನು ಎತ್ತಿಕೊಂಡರೆ ಓದಲು ಕಾದಿದ್ದೇವೆ.

ಕೊನೆಯದಾಗಿ ನಿಮ್ಮ ಚಿತ್ರಕಾರರಿಗೆ ಒಂದು ಮಾತು. ಜೀವಂತ ನಗರದ ಚಿತ್ರಗಳು ಬಹಳ ಸುಂದರವಾಗಿವೆ, ಆದರೆ ಒಂದರಲ್ಲೂ ಚರಂಡಿ ಇಲ್ಲ. ಒಂದು ಲಕ್ಷ ದೀಪಗಳ ಊರೆಂದರೆ ಪ್ರತಿ ಸಂಜೆ 27 ಟನ್ ಸಕ್ಕರೆ ಊರೊಳಗೆ ಬರಬೇಕು, ಬೆಳಗಾಗುವಷ್ಟರಲ್ಲಿ ಸುಮಾರು 40 ಟನ್ ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕು. ಅದು ಗಾಳಿಗಿಂತ ಭಾರ. ತಗ್ಗಿನ ಬೀದಿಗಳಲ್ಲಿ, ಬಾಗಿಲು ಮುಚ್ಚಿದ ಮನೆಗಳಲ್ಲಿ ನೆಲದ ಮಟ್ಟದಲ್ಲಿ ಕೂರುತ್ತದೆ. ಸ್ಕ್ವಿಡ್ ಮಾಡುವಂತೆ ಬೆಳಗ್ಗೆ ದೀಪ ಚೆಲ್ಲುವುದಾದರೆ, ದೀಪಕ್ಕೆ 19 ಲೀಟರಿನಂತೆ 19 ಲಕ್ಷ ಲೀಟರ್ ಮಂಕು ನೀರು ಒಂದೇ ಹೊತ್ತಿಗೆ ಬೀದಿಗೆ ಬರುತ್ತದೆ. ಒಂದು ಗಂಟೆಯಲ್ಲಿ ಅದು ಹರಿದುಹೋಗಬೇಕಾದರೆ ಸೆಕೆಂಡಿಗೆ 530 ಲೀಟರ್ ಸಾಗಿಸುವ ಕಾಲುವೆ ಬೇಕು, ನೀರು ಸೆಕೆಂಡಿಗೆ ಒಂದು ಮೀಟರ್ ಓಡಿದರೆ ಒಂದು ಮೀಟರ್ ಅಗಲ, ಅರ್ಧ ಮೀಟರಿಗಿಂತ ತುಸು ಹೆಚ್ಚು ಆಳ. ಮುಂದಿನ ಚಿತ್ರದಲ್ಲಿ ಅದನ್ನು ಬೀದಿಯ ನಡುವೆಯೇ ಬರೆಯಿರಿ, ಮೇಲೊಂದು ಸೇತುವೆಯಿರಲಿ. ನೀರಿಗೆ ಮಂದ ಹಸಿರು ಹೊಳಪು ಕೊಡಬಹುದು. ಸ್ವಲ್ಪ ಹೊತ್ತು ಅದು ಹೊಳೆಯುತ್ತಲೇ ಹರಿಯುತ್ತದೆ.

ಇಂತಿ,
ಇಬ್ಬರು ಓದುಗರು